ದೊರೆಗೆ ಮಾರದ ಬೇಳೆ

ಆಳಂದದ ಹೊರಗೆ, ಅಫಜಲಪುರ ರಸ್ತೆಗೆ ಹತ್ತಿದ ದಾಲ್ ಮಿಲ್ಲಿನ ಗೇಟಿನ ಮುಂದೆ ಮೈತ್ರಿ ಬೋರ್ಡು ಹಿಡಿದು ನಿಂತು ಒಂದು ತಾಸಾಗಿತ್ತು. 'ಪ್ರೀತಿಸಿದವರಿಗೆ ಛಡಿಯೇಟು ಕೊಡುವ ದೊರೆಯ ಜೊತೆ ವ್ಯಾಪಾರ ಬೇಡ' ಎಂದು ಅವಳೇ ಬರೆದದ್ದು; ದೊರೆ ಸಮುದ್ರದಾಚೆಯ ಒಂದು ದೇಶದವನು. ಹಿಂದೆ ಅವಳ ಕಾಲೇಜಿನ ಹದಿನೈದು ವಿದ್ಯಾರ್ಥಿಗಳು. ಅಫಜಲಪುರದಲ್ಲಿ ಅವಳು ಅತಿಥಿ ಉಪನ್ಯಾಸಕಿ.

ಮಿಲ್ಲಿನಿಂದ ಒಬ್ಬ ಹೊರಗೆ ಬಂದ. ಹುಬ್ಬಿನ ಮೇಲೆಲ್ಲ ತೊಗರಿಯ ಧೂಳು. ಬೋರ್ಡನ್ನು ಎರಡು ಸಲ ಓದಿದ, ಅವಸರವಿಲ್ಲದೆ.

"ಅಕ್ಷರ ಚಂದ ಅವ," ಅಂದ. "ಮಾತೂ ಖರೆ ಅದ. ಜಾಗ ಮಾತ್ರ ತಪ್ಪಾಗ್ಯಾದರಿ."

ಮೈತ್ರಿ ಕಂಪೌಂಡ್ ಗೋಡೆಯ ಕಡೆ ಬೆರಳು ಮಾಡಿದಳು. ಅಲ್ಲಿ ಸಾಲಾಗಿ ಚೀಲ ಒಣಗುತ್ತಿದ್ದವು. ಒಂದೊಂದರ ಮೇಲೂ ಹಾಯಿಹಡಗಿನ ಚಿತ್ರ, ಕೆಳಗೆ ಆ ದೊರೆಯ ಮನೆತನದ ಕಂಪನಿಯ ಹೆಸರು.

"ಹಂಗಾದ್ರ ಆ ಚೀಲ ಯಾರವ್ರಿ?"

"ನಿಮ್ಮ ಮನ್ಯಾಗ ಒಂದೂ ಹಳೇ ಚೀಲ ಇಲ್ಲೇನ್ರಿ?"

ಇತ್ತು. ಬಾಗಿಲಲ್ಲಿ ಕಾಲೊರೆಸಲು ಹಾಸಿದ್ದ ಚೀಲದ ಮೇಲೆ ಯಾವುದೋ ರಾಜ್ಯದ ಗೊಬ್ಬರದ ಕಾರ್ಖಾನೆಯ ಹೆಸರಿತ್ತು. ಮೈತ್ರಿಗೆ ಕಿವಿ ಬಿಸಿಯಾಯಿತು. ಈ ಕಡೆಯ ಮಿಲ್ಲಿನವರು ಪೇಟೆಯಲ್ಲಿ ಹಳೇ ಚೀಲಗಳನ್ನು ಗಂಟುಗಟ್ಟಲೆ ಕೊಂಡು, ತೊಳೆದು, ಒಳಹೊರಗು ಮಾಡಿ, ದನಕ್ಕೆ ಹಾಕುವ ಹೊಟ್ಟು ತುಂಬುತ್ತಾರೆ. ಇದು ಅವಳಿಗೆ ಹುಟ್ಟಿದಾಗಿನಿಂದ ಗೊತ್ತಿದ್ದ ಸಂಗತಿ. ಆದರೂ ರಸ್ತೆಯಿಂದ ಕಂಡ ಹೆಸರೊಂದನ್ನೇ ನಂಬಿ ಬಂದುಬಿಟ್ಟಿದ್ದಳು.

ಅವನು ಗೇಟು ಪೂರ್ತಿ ತೆರೆದ. ಬೇಳೆ ಸೋಲಾಪುರಕ್ಕೆ, ಹೈದರಾಬಾದಿಗೆ ಹೋಗುತ್ತದೆಂದು ಒಳಗೆ ಬೇಳೆ ಹಸನು ಮಾಡುತ್ತಿದ್ದ ಬಾನುಬಿ ಹೇಳಿದಳು. ಹನ್ನೆರಡು ವರ್ಷದಿಂದ ಅಲ್ಲೇ ದುಡಿಯುವ ಹೆಂಗಸು. ಜಗದೇವ ಸಾವಕಾರ್ರು ಸುಳ್ಳು ಹೇಳೋದು ಕಲ್ತಿದ್ರ ಇಷ್ಟೊತ್ತಿಗೆ ದೊಡ್ಡ ಮಿಲ್ ಕಟ್ಟತಿದ್ರು ಎಂದು ಸೇರಿಸಿದಳು. ಹಾಗೆ ಅವನ ಹೆಸರು ಗೊತ್ತಾಯಿತು.

ಮರುದಿನ ಅದೇ ಹೊತ್ತಿಗೆ ಮೈತ್ರಿ ಒಬ್ಬಳೇ ಬಂದಳು. ಈ ಸಲದ ಬೋರ್ಡು: 'ನಿನ್ನೆ ಇಲ್ಲಿ ನಿಂತದ್ದು ನನ್ನ ತಪ್ಪು. ಈ ಮಿಲ್ಲಿಗೂ ಆ ದೊರೆಗೂ ಸಂಬಂಧವಿಲ್ಲ.'

ಬಸ್ಸಿನವರು ಕಿಟಕಿಯಿಂದ ಕತ್ತು ಹಾಕಿ ಓದಿದರು. ಜಗದೇವ ಕುರ್ಚಿ ತಂದಿಟ್ಟ. ಆರೋಪ ನಿಂತು ಮಾಡಿದ್ದೇನೆ, ಕ್ಷಮೆ ಕುಳಿತು ಕೇಳಲಾರೆ ಎಂದಳು. ಎಷ್ಟು ಹೊತ್ತು ನಿಲ್ಲುತ್ತೀರಿ ಎಂದರೆ, ನಿನ್ನೆ ನಿಂತಷ್ಟೇ ಎಂದಳು. ಅವನು ಕುರ್ಚಿಯನ್ನು ಬದಿಗೆ ಸರಿಸಿ ಅವಳ ಪಕ್ಕದಲ್ಲೇ ನಿಂತ.

"ನೀವ್ಯಾಕ ನಿಂತೀರಿ?"

"ಇಷ್ಟು ಚಂದಾಗಿ ನನಗ ಯಾರೂ ತಪ್ಪಾತು ಅಂದಿಲ್ಲರಿ. ಪೂರಾ ನೋಡೇ ಹೋಗಬೇಕು."

ಮೈತ್ರಿ ರಸ್ತೆಯನ್ನೇ ನೋಡಿದಳು. ನಗು ತಡೆಯಲು ಅದೊಂದೇ ದಾರಿಯಿತ್ತು. ಓರೆಗಣ್ಣಿಗೆ ಅವನ ಹುಬ್ಬು ಕಂಡಿತು. ಇವತ್ತು ಧೂಳಿರಲಿಲ್ಲ, ತೊಳೆದು ಬಂದಿದ್ದ.

ಆ ದೇಶದ ಸುದ್ದಿಯನ್ನು ಅವನು ಅವಳಿಂದಲೇ ಕೇಳಿ ತಿಳಿದ. ಇಪ್ಪತ್ಮೂರು ವರ್ಷದ ಒಬ್ಬ ಹುಡುಗಿ ಮದುವೆಯಾಗದೆ ಒಬ್ಬನನ್ನು ಪ್ರೀತಿಸಿದಳು. ಧರ್ಮದ ಹೆಸರಿನಲ್ಲಿ ದೊರೆಯ ನ್ಯಾಯಾಲಯ ಇಬ್ಬರಿಗೂ ನೂರು ನೂರು ಛಡಿಯೇಟು ಎಂದಿತು. ಐವತ್ತು ಕೊಟ್ಟಾಗಿತ್ತು. ಗಾಯ ಮಾಯ್ದ ಮೇಲೆ ಉಳಿದದ್ದು. ದೊರೆಯ ಕಂಪನಿಯ ಅಕ್ಕಿ, ಅತ್ತರು, ಹೋಟೆಲುಗಳನ್ನು ಬಿಡಿ ಎಂದು ಹಲವು ದೇಶಗಳಲ್ಲಿ ಜನ ಕರೆ ಕೊಟ್ಟಿದ್ದರು. ಮೈತ್ರಿ ಆಳಂದದಲ್ಲಿ ಕೊಟ್ಟು, ಬಿಡಬೇಕಾದ ಸರಕುಗಳ ಪಟ್ಟಿಯ ಕೆಳಗೆ ಜನರ ಸಹಿ ಹಾಕಿಸುತ್ತಿದ್ದಳು, ಅಷ್ಟೇ.

ಒಂದು ಸಂಜೆ ಪೇಟೆಯ ನಾಲ್ಕೈದು ಗಂಡಸರು ಅವಳನ್ನು ತಡೆದು, ನಿಮ್ಮ ಪಟ್ಟಿಯಲ್ಲಿ ಊರಿನ ಸಾಬರ ಅಂಗಡಿಗಳನ್ನೂ ಸೇರಿಸಿ, ನಾವೂ ಬರುತ್ತೇವೆ ಎಂದರು. ಯಾವ ಅಂಗಡಿಯ ಮಾಲೀಕ ಆ ದೊರೆ, ತೋರಿಸಿ, ಈಗಲೇ ಬರೆಯುತ್ತೇನೆ ಎಂದು ಮೈತ್ರಿ ಪೆನ್ನು ತೆಗೆದಳು. ಕೆಲಸ ಮುಗಿಸಿ ಬರುತ್ತಿದ್ದ ಬಾನುಬಿಯೂ ಅಲ್ಲೇ ನಿಂತಳು.

"ಆ ಪೋರಿಗಿ ಹೊಡಿರಿ ಅಂದಾವ ದೊರಿ," ಅಂದಳು ಬಾನುಬಿ. "ನನ್ನ ಅಲ್ಲಾ ಅಲ್ಲ. ಮೊದಲ ಸಹಿ ನಂದೇ ಅದ, ನೋಡ್ರಿ."

ಗಂಡಸರು ಚದುರಿದರು. ರಸ್ತೆಯಾಚೆ ಬೈಕಿನ ಮೇಲೆ ಕುಳಿತು ಇದನ್ನೆಲ್ಲ ನೋಡಿದ ಜಗದೇವ, ಮಿಲ್ಲಿಗೆ ಹೋಗುವುದನ್ನು ಮರೆತಿದ್ದ. ಆಮೇಲೆ ಚಳಿಗಾಲವಿಡೀ ಅವನಿಗೆ ಅಫಜಲಪುರದಲ್ಲಿ ಏನಾದರೊಂದು ಕೆಲಸ ಬರುತ್ತಲೇ ಇತ್ತು. ಏನು ಕೆಲಸ ಎಂದು ಮೈತ್ರಿ ಕೇಳಿದಾಗೆಲ್ಲ ಬೇರೆ ಬೇರೆ ಉತ್ತರ ಸಿಕ್ಕಿತು. ಒಮ್ಮೆ ಮಾತ್ರ ನಿಜ ಹೇಳಿದ: "ಚಾ ಕುಡಿಯೂದು."

ತೊಗರಿಯ ಸುಗ್ಗಿ ಮುಗಿಯುವ ಹೊತ್ತಿಗೆ, ಅಫಜಲಪುರದ ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರೂ ಕೂರುತ್ತಿದ್ದ ಚಾದಂಗಡಿಯಲ್ಲಿ, ಅವನು ಚಾ ಮುಟ್ಟದೆ ಕುಳಿತ.

ಹಾಯಿಹಡಗಿನ ಕಂಪನಿಯ ಏಜೆಂಟ್ ಮಿಲ್ಲಿಗೆ ಬಂದಿದ್ದ. ಈ ಸಲ ಹಳೇ ಚೀಲದ ಮಾತಲ್ಲ. ಹಂಗಾಮಿನ ಅಷ್ಟೂ ಬೇಳೆ ಬೇಕು, ಮುಂದಿನ ಮೂರು ವರ್ಷವೂ ಬೇಕು. ಮಿಲ್ಲಿನ ಒಡೆಯ, ಜಗದೇವನ ಅಪ್ಪ ಮಹಾದೇವಪ್ಪ, ಒಪ್ಪಲು ಸಿದ್ಧ. ಜಗದೇವ ಬೇಡವೆಂದಾಗ ಮುದುಕ ಇನ್ನೊಂದು ಮಾತು ಮುಂದಿಟ್ಟ. ಅದನ್ನು ಜಗದೇವ ಅಪ್ಪನ ದನಿಯಲ್ಲೇ ಹೇಳಿದ:

"ಆರ್ಡರ್ ಹಿಡಿ ತಮ್ಮಾ. ಆ ಹುಡುಗಿನ್ನ ಮನಿಗಿ ತಂದ್ಕೋ. ನಾ ಅಡ್ಡ ಬರಂಗಿಲ್ಲ."

ಮೈತ್ರಿ ದಲಿತ ಬೌದ್ಧರ ಕೇರಿಯವಳು. ಆ ಕೇರಿಯ ಹುಡುಗಿಗೆ ಮಟಕಿ ಊರಿನ ಲಿಂಗಾಯತರ ಮನೆಯ ಮುಂಬಾಗಿಲು ತೆರೆಯುವುದು ಸಣ್ಣ ಸಂಗತಿಯಲ್ಲ. ಬಸವಣ್ಣನ ಹೆಸರು ಗೋಡೆಗೆ ಬರೆಸಿದ ಮನೆಯೇ ಆದರೂ ಅಲ್ಲ. ಅವಳಿಗೆ ಆ ಬಾಗಿಲು ಕಂಡಿತು. ಜಗದೇವನ ತಾಯಿ ಕಸ್ತೂರಿಬಾಯಿ ಆರತಿ ತಟ್ಟೆ ಹಿಡಿದದ್ದು ಕಂಡಿತು. ತನ್ನ ಅವ್ವ ತಲೆ ತಗ್ಗಿಸದೆ ಅಂಗಳಕ್ಕೆ ಕಾಲಿಟ್ಟದ್ದೂ ಕಂಡಿತು. ಬೇಡವೆಂದರೆ ಇದ್ಯಾವುದೂ ಇಲ್ಲ. ಜಗದೇವ ಬಿಟ್ಟುಹೋದರೆ ಅವನೂ ಇಲ್ಲ.

"ಕಂಪನಿ ಖರೇನೆ ಆ ದೊರೀದೇನ್ರಿ?" ಎಂದಳು.

"ಕಾಗದ ತರಿಸಿ ನೋಡೀನಿ. ಅವರದೇ."

"ಅಕಿಗಿ ಇನ್ನ ಐವತ್ತು ಏಟು ಬಾಕಿ ಅದ." ಮೈತ್ರಿಯ ದನಿ ಏರಲಿಲ್ಲ. "ಅಕಿ ಬೆನ್ನ ಮ್ಯಾಲ ಕಾಲಿಟ್ಟು ನಾ ನಿಮ್ಮ ಹೊಸ್ತಿಲಾ ದಾಟಂಗಿಲ್ರಿ."

ಜಗದೇವ ಆಗ ಚಾ ಎತ್ತಿ ಒಂದೇ ಗುಟುಕಿಗೆ ಕುಡಿದ. ಆರಿ ತಣ್ಣಗಾಗಿತ್ತು.

"ನಿನ್ನೆನೇ ಆಗಂಗಿಲ್ಲ ಅಂತ ಹೇಳಿ, ಮಿಲ್ಲಿನ ಕೀಲಿಕೈ ಅಪ್ಪನ ಕೈಯಾಗ ಇಟ್ಟು ಬಂದೀನಿ."

"ಮತ್ತ ನನಗ ಯಾಕ ಕೇಳಿದ್ರಿ?"

"ಕೇಳಿಲ್ಲ, ಹೇಳಿದೆ. ನೀ ಎಲ್ಲಿ ಹೂಂ ಅಂತೀಯೋ ಅಂತ ಜೀವ ಕೈಯಾಗ ಹಿಡಕೊಂಡು ಕೂತಿದ್ದೆ."

"ಅಂದಿದ್ರ?"

"ಬೇಳೆ ಕಳಸತಿದ್ದಿಲ್ಲ. ನಿನ್ನ ಜೋಡಿ ಜಗಳಾ ಆಡ್ತಿದ್ದೆ. ನಾಳಿ ಮತ್ತ ಬಂದು ಚಾ ಕುಡೀತಿದ್ದೆ."

ಇದೆಲ್ಲ ನನ್ನ ಸಲುವಾಗಿ ಮಾಡಿದ್ದಾದರೆ ನನಗೆ ಬೇಡ ಎಂದಳು. ಜಗದೇವ ತಲೆಯಾಡಿಸಿದ.

"ಆ ಹುಡುಗನ ಸಲುವಾಗಿ. ಅಂವಗೂ ನೂರು ಏಟು ಅಲ್ಲೇನು? ನಾ ಅಲ್ಲಿ ಹುಟ್ಟಿದ್ರ ಅಂವನ ಜಾಗದಾಗ ನಿಂತಿರತಿದ್ದೆ. ನಿನ್ನ ನೋಡಿದ ಮ್ಯಾಲ ಅದೇನ್ ತಪ್ಪಸಲಿಕ್ಕಿ ಆಗ್ತದ?"

ಅಷ್ಟು ತಿಂಗಳಲ್ಲಿ ಅವನು ಪ್ರೀತಿಯ ಮಾತನ್ನು ಹೇಳಿದ್ದು ಅದೇ ಮೊದಲು. ಬಸ್‌ಸ್ಟ್ಯಾಂಡಿನ ಅಷ್ಟು ಜನರ ನಡುವೆ ಮೈತ್ರಿ ಮೇಜಿನ ಮೇಲಿದ್ದ ಅವನ ಕೈ ಹಿಡಿದಳು. ಪಕ್ಕದ ಬೆಂಚಿನವರು ತಿರುಗಿ ನೋಡಿದರು. ಅವಳು ಬಿಡಲಿಲ್ಲ.

ಜೇವರ್ಗಿಯ ಒಂದು ಮಿಲ್ಲಿನಲ್ಲಿ ಅವನಿಗೆ ಮ್ಯಾನೇಜರ್ ಕೆಲಸ ಸಿಕ್ಕಿತು. ಕೆಲಸಕ್ಕೆ ಸೇರುವ ಮೊದಲೇ ಇಬ್ಬರೂ ಆಳಂದದ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಿ, ಜಾತಿ ಧರ್ಮ ಕೇಳದ ಕಾಯ್ದೆಯಡಿ ಮದುವೆಗೆ ಅರ್ಜಿ ಕೊಟ್ಟರು.

ಗುಮಾಸ್ತ ಅನೀಲಕುಮಾರ ಒಳ್ಳೆಯ ಮನುಷ್ಯ. ಅರ್ಜಿ ಎರಡು ಸಲ ಓದಿ ದನಿ ತಗ್ಗಿಸಿದ. ನೋಟಿಸು ಮೂವತ್ತು ದಿನ ಹೊರಗಿನ ಫಲಕದ ಮೇಲೆ ಇರಬೇಕು, ಯಾರು ಬೇಕಾದರೂ ತಕರಾರು ಹಾಕಬಹುದು, ಕಾಯ್ದೆ ಹಾಗಿದೆ. ಇಂಥ ಮದುವೆಯವರು ಬೇರೆ ಕಾಗದದ ಕೆಳಗೆ ಅಂಟಿಸಿ ಎನ್ನುತ್ತಾರೆ. ನಿಮ್ಮದನ್ನೂ ಹಾಗೆ ಮಾಡಲೇ ಎಂದು ಕೇಳಿದ. ಮಟಕಿಯವರು ದಿನಾ ಬರುವ ಕಚೇರಿ ಇದು.

ಜಗದೇವ ಮೈತ್ರಿಯ ಮುಖ ನೋಡಿದ. ಮೈತ್ರಿ ಅವನ ಮುಖ ನೋಡಿದಳು. ಇಬ್ಬರಿಗೂ ಒಂದೇ ಸಲ ನಗು ಬಂತು.

"ಎಲ್ಲಾದರ ಮ್ಯಾಲ ಹಚ್ರಿ," ಅಂದ ಜಗದೇವ. "ದೊಡ್ಡ ಅಕ್ಷರದಾಗ ಇದ್ರ ಇನ್ನ ಚಲೋ."

ಅನೀಲಕುಮಾರ ಹರಾಜಿನ ಹಳೆಯ ಪ್ರಕಟಣೆಯೊಂದನ್ನು ಕಿತ್ತು, ಫಲಕದ ನಟ್ಟನಡುವೆ ಅವರ ನೋಟಿಸು ಅಂಟಿಸಿದ. ಹೊಲದ ಕಾಗದಕ್ಕೆ ಕಾದಿದ್ದ ಮುದುಕನೊಬ್ಬ ಎದ್ದು ಬಂದು, ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದ. ಅವನ ಹೆಸರು, ಅಪ್ಪನ ಹೆಸರು, ಊರು. ಅವಳ ಹೆಸರು, ಅಪ್ಪನ ಹೆಸರು, ಕೇರಿ. ಅಂಗಳದಲ್ಲಿದ್ದವರೆಲ್ಲ ಫಲಕದ ಕಡೆ ತಿರುಗಿದರು. ಮುದುಕ ಕಾಗದದಿಂದ ಕಣ್ಣು ಕಿತ್ತು ಸುತ್ತ ಹುಡುಕಿದ.

"ಯಾರಪ್ಪಾ ಇವರು?"

ಜಗದೇವ ಬಾಯಿ ತೆರೆಯುವ ಮೊದಲೇ ಮೈತ್ರಿ ಒಂದು ಹೆಜ್ಜೆ ಮುಂದೆ ಬಂದಳು.

"ನಾವೇರಿ," ಅಂದಳು.