ಸ್ಟೇರಿಂಗಿಗೆ ಹಾಕಿದ ಕೈ

ಬುಧವಾರ ಬೆಳಿಗ್ಗೆ, ಠಾಣೆಯ ಅಂಗಳ ಗುಡಿಸಿ ಮುಗಿಯುವ ಮೊದಲೇ ದೂರು ಬಂತು. ತಂದವರು ಇಬ್ಬರು: ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ಮತ್ತು ಅವರ ಹಳೇ ಶಿಷ್ಯ. ಶಿಷ್ಯ ಈಗ ಶಾಲಾ ವ್ಯಾನಿನ ಚಾಲಕ. ಹಿಂದಿನ ಸಂಜೆ ಡ್ರೈವಿಂಗ್ ಸ್ಕೂಲಿನ ಕಾರು ಸೈಕಲ್ಲಿಗೆ ಬಡಿದು ಒಬ್ಬ ದರ್ಜಿಯ ಕಾಲು ಮುರಿದಿತ್ತು. ಓಡಿಸಿದವನು ತಾನೇ ಎಂದು ಶಿಷ್ಯ ಒಪ್ಪಿಕೊಳ್ಳಲು ಬಂದಿದ್ದ.

"ದಿನಾಂಕ ಹನ್ನೆರಡರಂದು ಸಂಜೆ ಸದರಿ ಕಾರನ್ನು ಅತಿವೇಗ ಹಾಗೂ ಅಜಾಗರೂಕತೆಯಿಂದ ಚಲಾಯಿಸಿಕೊಂಡು ಬಂದು..."

ಇನ್‌ಸ್ಪೆಕ್ಟರ್ ಪೆನ್ನು ಕೆಳಗಿಟ್ಟರು. ತಪ್ಪು ಮಾಡಿದವನು ತಡವರಿಸುತ್ತಾನೆ. ಇವನೋ ಮಗ್ಗಿ ಒಪ್ಪಿಸುತ್ತಿದ್ದ.

"ಹೆಂಡ್ತಿ ಹತ್ರಾನೂ ಹೀಗೇ ಮಾತಾಡ್ತೀಯೇನಪ್ಪಾ? ಸದರಿ ಲೋಟದಲ್ಲಿ ನೀರು ಕೊಡು ಅಂತ?"

ಪೇದೆ ಕಿಸಕ್ಕೆಂದ. ಶಿಷ್ಯ ನಗಲಿಲ್ಲ.

"ವಿಮೆಯವರು ಎಫ್‌ಐಆರ್ ಕೇಳ್ತಾರಲ್ಲ ಸಾರ್. ಮೇಷ್ಟ್ರು ಹೇಳ್ಕೊಟ್ರು."

"ಲೈಸೆನ್ಸ್ ಇದ್ದವನ ಹೆಸರು ಬಿದ್ರೆ ದರ್ಜಿಯ ಆಸ್ಪತ್ರೆ ಖರ್ಚಿಗೆ ವಿಮೆಯವರು ತಕರಾರು ತೆಗೆಯಲ್ಲ," ಎಂದರು ಮೇಷ್ಟ್ರು, ಗೋಡೆಯ ಕಡೆ ಮುಖ ಮಾಡಿ.

ಇನ್‌ಸ್ಪೆಕ್ಟರ್ ಶಿಷ್ಯನನ್ನೇ ನೋಡಿದರು. "ಕೇಸಾದ್ರೆ ನಿನ್ನ ಲೈಸೆನ್ಸ್ ಹೋಗುತ್ತೆ. ಅದರ ಹಿಂದೆ ವ್ಯಾನೂ ಹೋಗುತ್ತೆ. ಗೊತ್ತಾ?"

"ಗೊತ್ತು ಸಾರ್."

ಹೊಟ್ಟೆಪಾಡನ್ನು ಇಷ್ಟು ಸಲೀಸಾಗಿ ಬಿಟ್ಟುಕೊಡುವವನನ್ನು ಕಂಡರೆ ಇನ್‌ಸ್ಪೆಕ್ಟರಿಗೆ ಕಳ್ಳನನ್ನು ಕಂಡದ್ದಕ್ಕಿಂತ ಹೆಚ್ಚು ಗುಮಾನಿ. ಎಫ್‌ಐಆರ್ ದಾಖಲಾಯಿತು, ಆರೋಪಿಯ ಹೆಸರಿನ ಜಾಗ ಮಾತ್ರ ಖಾಲಿ ಉಳಿಯಿತು.

ಹತ್ತು ಗಂಟೆಗೆ ಸ್ಥಳ ಪಂಚನಾಮೆ. ನೆಟ್ಟಗಿನ ರಸ್ತೆ, ಎರಡೂ ಬದಿ ದೀಪದ ಕಂಬ. ಚಕ್ರದ ಗುರುತು ಸೈಕಲ್ ಬಿದ್ದ ಜಾಗಕ್ಕೆ ತೀರಾ ಹತ್ತಿರದಲ್ಲಿ ಶುರುವಾಗಿ ತಟ್ಟನೆ ಎಡಕ್ಕೆ ಸೆಳೆದಿತ್ತು.

"ಇಲ್ಲಿ ಸೈಕಲ್ ಕಾಣ್ಲಿಲ್ಲ ಅಂದ್ರೆ ಕಣ್ಣು ಮನೇಲಿ ಬಿಟ್ಟು ಬಂದಿರ್ಬೇಕು ಸಾರ್," ಎಂದ ಪೇದೆ.

ಕಾರಿನ ಎಡಸೀಟಿನ ಮುಂದೆ, ಕಾಲಡಿಯಲ್ಲೂ ಒಂದು ಬ್ರೇಕ್ ಇತ್ತು, ಕಲಿಸುವವರಿಗಾಗಿ. ಇನ್‌ಸ್ಪೆಕ್ಟರ್ ಅದನ್ನೊಮ್ಮೆ ತುಳಿದು ನೋಡಿದರು.

ಆಸ್ಪತ್ರೆಯಲ್ಲಿ ದರ್ಜಿಗೆ ಹೇಳಲು ಹೆಚ್ಚೇನೂ ಇರಲಿಲ್ಲ. "ಹಿಂದಿನಿಂದ ಬಡೀತು. ಯಾರು ಓಡಿಸ್ತಿದ್ರೋ ಕಾಣ್ಲಿಲ್ಲ. ಮಷೀನ್ ತುಳಿಯೋ ಕಾಲು ಸಾರ್ ಇದು."

ಮಧ್ಯಾಹ್ನ ಶಿಷ್ಯನನ್ನು ಮತ್ತೆ ಕರೆಸಿದರು. ಮೇಷ್ಟ್ರೂ ಜೊತೆಗೇ ಬಂದು ಬೆಂಚಿನ ಮೇಲೆ ಕುಳಿತರು.

"ಬಾಯಿಪಾಠ ಬಿಡು. ನಡೆದದ್ದು ಹೇಳು."

"ಸೈಕಲ್ ಕಂಡ್ತು. ಬ್ರೇಕ್ ತುಳಿದೆ. ಸಾಲಲಿಲ್ಲ. ಸ್ಟೇರಿಂಗಿಗೆ ಕೈ ಹಾಕಿ ಈ ಕಡೆ ಎಳೆದೆ."

"ಏನು ಮಾಡಿದೆ?"

"ಕೈ ಹಾಕಿ ಎಳೆದೆ ಸಾರ್."

"ಓಡಿಸೋನ ಕೈ ಸ್ಟೇರಿಂಗ್ ಮೇಲೇ ಇರುತ್ತೆ. ಇರೋ ಕೈನ ಮತ್ತೆ ಎಲ್ಲಿಂದ ತಂದು ಹಾಕ್ದೆ?"

ಶಿಷ್ಯ ಬೆಂಚಿನ ಕಡೆ, ಮೇಷ್ಟ್ರತ್ತ ತಿರುಗಿದ.

"ಅಂಗಿ ಬಿಚ್ಚು."

ಸೀಟ್ ಬೆಲ್ಟ್ ಒತ್ತಿದ ನೀಲಿ ಬರೆ ಎಡಭುಜದಿಂದ ಬಲಸೊಂಟಕ್ಕೆ ಇಳಿದಿತ್ತು. ಬಲಗಡೆ ಕೂತು ಓಡಿಸಿದವನಿಗಾದರೆ ಅದು ಬಲಭುಜದಿಂದ ಇಳಿಯಬೇಕಿತ್ತು.

"ಸಾಕು. ಅವನನ್ನ ಬಿಟ್ಬಿಡಿ," ಎಂದರು ಮೇಷ್ಟ್ರು. ಏಳಲು ಹೋದವರು ಬೆಂಚಿನ ಅಂಚನ್ನು ಕೈಯಿಂದ ಹುಡುಕಿದರು. ಕೇಳದೆಯೇ ಅಂಗಿಯ ಗುಂಡಿ ಬಿಚ್ಚಿ ತೋರಿಸಿದರು. ಬರೆ ಬಲಭುಜದ ಮೇಲಿತ್ತು.

ದೃಷ್ಟಿ ಸಾಲದೆ ಅವರ ಲೈಸೆನ್ಸ್ ನವೀಕರಣ ಹೋದ ವರ್ಷವೇ ನಿಂತಿತ್ತು. ಊರಿಗೆ ಹೇಳಿರಲಿಲ್ಲ.

"ಗೊತ್ತಿದ್ದೂ ಯಾಕೆ ಕೂತ್ಕೊಂಡ್ರಿ ಮೇಷ್ಟ್ರೇ?"

"ಆಯುಷ್ಯವೆಲ್ಲ ಪಕ್ಕದ ಸೀಟಲ್ಲೇ ಕಳೀತು. ಪೂರ್ತಿ ಕತ್ತಲಾಗೋ ಮುಂಚೆ ಒಂದ್ಸಲ ನಾನೇ ಓಡಿಸೋಣ ಅನ್ನಿಸ್ತು. ಇವನು ಬೇಡ ಅಂತ ಅತ್ತೇಬಿಟ್ಟ."

"ಆ ದರ್ಜಿ?"

"ವಿಮೆಯವರು ಕೈ ಎತ್ತಿದ್ರೆ ಸ್ಕೂಲು ಮಾರ್ತೀನಿ. ಅದನ್ನ ನಿನ್ನೇನೇ ಹೇಳ್ಬೇಕಿತ್ತು."

ಖಾಲಿ ಜಾಗದಲ್ಲಿ ಮೇಷ್ಟ್ರ ಹೆಸರು ಬಿತ್ತು. ಸುಳ್ಳು ಹೇಳಿದ್ದಕ್ಕೆ ಶಿಷ್ಯನೂ ನ್ಯಾಯಾಲಯಕ್ಕೆ ಉತ್ತರ ಕೊಡಬೇಕಾಗುತ್ತದೆ. ಆದರೆ ವ್ಯಾನಿನ ಕೀಲಿ ಅವನ ಜೇಬಿನಲ್ಲೇ ಉಳಿಯಿತು. ನಾಲ್ಕೂವರೆಗೆ ದಸ್ತಗಿರಿ.

ಜೀಪನ್ನು ಪೇದೆ ಓಡಿಸುತ್ತಿದ್ದ. ನ್ಯಾಯಾಲಯದ ಏರು ಶುರುವಾದಾಗ, ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕುಳಿತಿದ್ದ ಮೇಷ್ಟ್ರು ಮೆಲ್ಲಗೆ ಹೇಳಿದರು:

"ಎರಡನೇ ಗೇರಿಗೆ ಹಾಕು ಮಗಾ. ಇಂಜಿನ್ ನರಳ್ತಾ ಇದೆ."

ಪೇದೆ ಇನ್‌ಸ್ಪೆಕ್ಟರ ಮುಖ ನೋಡಿದ. ಆಮೇಲೆ ಗೇರು ಇಳಿಸಿದ.