ಸರದಿಯ ಮೊದಲ ಗಾಡಿ

"ಇಳೀರಿ ಮೇಡಂ."

ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಕೂತು ನಾನಿನ್ನೂ ಬ್ಯಾಗನ್ನು ಪಕ್ಕಕ್ಕಿಟ್ಟಿರಲಿಲ್ಲ. ಕನ್ನಡಿಯಲ್ಲಿ ಡ್ರೈವರನ ಕಣ್ಣು ಕಂಡಿತು. ಐದು ದಿನ ನನ್ನನ್ನು ಕದ್ದು ನೋಡಿ, ಸಿಕ್ಕಿಬಿದ್ದಾಗಲೆಲ್ಲ ಥಟ್ಟನೆ ರಸ್ತೆಗೆ ಓಡುತ್ತಿದ್ದ ಕಣ್ಣು. ಇವತ್ತು ಅದು ನನ್ನ ಮೇಲೇ ನೆಟ್ಟಿತ್ತು, ಕಲ್ಲಿನ ಹಾಗೆ.

"ಯಾಕೆ? ಕೆರೆ ಹಿಂದಿನ ದೇವಸ್ಥಾನ ಇವತ್ತು ಅಂದಿದ್ರಲ್ಲ?"

"ಐದು ದಿನಾನೂ ನೀವು ನನ್ನ ಗಾಡಿಗೇ ಬಂದಿದ್ದೀರ. ನಾನೇ ಫೋನ್ ಮಾಡಿ ಕರೆಸ್ಕೋತೀನಂತೆ. ಸ್ಟ್ಯಾಂಡಿನ ಅಧ್ಯಕ್ಷರು ಬರ್ತಿದ್ದಾರೆ."

ಆ ಟ್ಯಾಕ್ಸಿ ಸ್ಟ್ಯಾಂಡಿಗೆ ಇದ್ದದ್ದು ಒಂದೇ ನಿಯಮ. ಗಾಡಿಗಳು ಮರದ ನೆರಳಲ್ಲಿ ಸಾಲಾಗಿ ನಿಲ್ಲಬೇಕು, ಬಂದ ಗಿರಾಕಿ ಮೊದಲ ಗಾಡಿಗೆ. ಗುಟ್ಟಾಗಿ ಗಿರಾಕಿಯನ್ನು ಕರೆಸಿಕೊಂಡವನಿಗೆ ಮತ್ತೆ ಅಲ್ಲಿ ಜಾಗವಿಲ್ಲ. ಆ ಜಾಗ ಹೋದರೆ ಅವನಿಗೆ ಈ ಊರಲ್ಲಿ ಬೇರೆ ಅನ್ನವಿಲ್ಲ.

ಅವನು ಕರೆಸಿರಲಿಲ್ಲ. ತಪ್ಪೆಲ್ಲ ನನ್ನದೇ.

ಚಿಕ್ಕಮ್ಮನ ಮನೆಗೆ ರಜೆಗೆಂದು ಬಂದವಳು, ಸುತ್ತಲಿನ ಹಳೇ ದೇವಸ್ಥಾನಗಳನ್ನೆಲ್ಲ ನೋಡಿಬಿಡೋಣವೆಂದು ಹೊರಟೆ. ಮೊದಲ ದಿನ ಅವನ ಗಾಡಿ ಸಿಕ್ಕಿದ್ದು ಸರದಿಯಲ್ಲೇ. ಸಾವಿರ ವರ್ಷದ ಗೋಡೆಯ ಮುಂದೆ ನಿಂತು ಅವನು ಹೇಳಿದ್ದು ಒಂದೇ ಮಾತು: "ಈ ಆನೆ ಸಾಲಲ್ಲಿ ಒಂದು ಮಾತ್ರ ಹಿಂದೆ ತಿರುಗಿ ನೋಡ್ತಿದೆ. ಹುಡುಕಿ." ಅರ್ಧ ಗಂಟೆ ಹುಡುಕಿದೆ. ಸಿಕ್ಕಾಗ ತಿರುಗಿದರೆ, ಅವನು ನೋಡುತ್ತಿದ್ದದ್ದು ಆನೆಯನ್ನಲ್ಲ.

ಮರುದಿನದಿಂದ ಸ್ಟ್ಯಾಂಡಿನ ಎದುರು ದೇವಸ್ಥಾನದ ಚಿತ್ರದ ಕಾರ್ಡು ಮಾರುವ ಅಂಗಡಿಯಲ್ಲಿ ನಿಂತು ಕಾಯತೊಡಗಿದೆ, ಅವನ ಗಾಡಿ ಮುಂದಕ್ಕೆ ಬರುವವರೆಗೆ. "ಒಂದೇ ಕಾರ್ಡನ್ನ ಎಷ್ಟು ಸಲ ನೋಡ್ತೀಯಮ್ಮಾ, ಬಣ್ಣ ಹೋದೀತು," ಎಂದು ಅಂಗಡಿಯ ಅಜ್ಜಿ ನಗುತ್ತಿದ್ದರು.

ಈಗ ಅಧ್ಯಕ್ಷರು ಬಂದರು, ದಪ್ಪ ಮೀಸೆಯ ಹಿರಿಯರು. ಹಿಂದೆ ಡ್ರೈವರುಗಳ ಗುಂಪು. ಅವನೂ ನಾನೂ ಕೆಳಗಿಳಿದೆವು.

"ಏನಪ್ಪಾ ಸೈಲೆನ್ಸರ್, ಇವತ್ತಾದ್ರೂ ಬಾಯಿ ಬಿಡು."

"ನಾನು ಕರೆಸಿಲ್ಲ ಅಣ್ಣ. ಇವರ ನಂಬರೂ ನನ್ನ ಹತ್ರ ಇಲ್ಲ."

"ಮತ್ತೆ ನಿನ್ನ ಸರದಿ ಯಾವಾಗ ಅಂತ ಇವರಿಗೆ ಕನಸು ಬೀಳುತ್ತಾ?" ಯಾರೋ ಕಿಸಕ್ಕೆಂದರು. "ಗಾಡಿ ತೆಗಿ. ನಾಳೆಯಿಂದ ಇಲ್ಲಿ ನಿಲ್ಲಬೇಡ."

ಅವನು ಜೇಬಿನಿಂದ ಕೀ ತೆಗೆದ. ನನ್ನ ಕಡೆ ನೋಡಲೂ ಇಲ್ಲ.

ಇಲ್ಲಿ ಆಡಿದ ಮಾತು ನನಗಿಂತ ಮೊದಲೇ ಚಿಕ್ಕಮ್ಮನ ಮನೆ ಮುಟ್ಟುತ್ತದೆ. ಆದರೂ ಆಡಿದೆ.

"ತಪ್ಪು ನಂದು. ಇವರ ಗಾಡಿ ಮುಂದೆ ಬರೋವರೆಗೂ ಆ ಅಂಗಡೀಲಿ ಕಾಯ್ತಿದ್ದೆ. ಮೊನ್ನೆ ಎರಡು ಗಂಟೆ ಕಾದಿದ್ದೀನಿ. ಅಜ್ಜೀನ ಕೇಳಿ."

"ನಮ್ಮ ಗಾಡಿಗೇನಾಗಿದೆ ಮೇಡಂ? ನಂದು ಎ.ಸಿ.!" ಹಿಂದಿನ ಗಾಡಿಯವನಿಗೆ ನಿಜಕ್ಕೂ ಬೇಜಾರಾಗಿತ್ತು.

"ನಾನು ಕಾದಿದ್ದು ಗಾಡಿಗಲ್ಲ."

ಯಾರೂ ನಗಲಿಲ್ಲ. ಅವನ ಕಿವಿ ಕೆಂಪಾಗುವುದನ್ನು ಎಲ್ಲರೂ ನೋಡಿದರು.

ಅಧ್ಯಕ್ಷರು ಮೀಸೆ ತೀಡಿಕೊಂಡರು. "ಸರಿ, ಇವನ ತಪ್ಪಿಲ್ಲ. ಆದ್ರೆ ಗಿರಾಕಿ ಹೀಗೆ ಗಾಡಿ ಆರಿಸೋ ಹಾಗಿಲ್ಲಮ್ಮ. ಇವತ್ತು ನೀವು ಬೇರೆ ಗಾಡೀಲಿ ಹೋಗಿ. ಸರದಿ ಇರೋದು ಗಿರಾಕಿಗೆ. ಡ್ರೈವರ್ ತನ್ನ ಮನೆಯವರನ್ನ ಕರ್ಕೊಂಡು ಹೋಗೋದಾದ್ರೆ ಸರದಿ ಇಲ್ಲ." ಆಮೇಲೆ ಅವನತ್ತ ತಿರುಗಿದರು. "ಇವರು ನಿನ್ನ ಗಿರಾಕಿ ತಾನೇ?"

ಹೂಂ ಎಂದರೆ ಸಾಕಿತ್ತು, ಅವನ ಜಾಗ ಉಳಿಯುತ್ತಿತ್ತು, ಇವತ್ತಿನ ಮೊದಲ ಸರದಿಯೂ. ಹಿಂದಿನ ಗಾಡಿಯವನು ಆಗಲೇ ನನಗಾಗಿ ಬಾಗಿಲು ತೆರೆದು ಹಿಡಿದಿದ್ದ.

ಅವನು ಹೋಗಿ ಗಾಡಿ ಸ್ಟಾರ್ಟ್ ಮಾಡಿದ. ಸಾಲಿನಿಂದ ಹೊರಗೆ ತೆಗೆದ. ಹೊರಟೇಹೋದ ಅಂದುಕೊಂಡೆ. ನೆಲ ನೋಡುತ್ತ ನಿಂತೆ.

ಗಾಡಿ ನನ್ನ ಪಕ್ಕ ಬಂದು ನಿಂತಿತು. ಅವನು ಒಳಗಿನಿಂದಲೇ ಬಾಗಿ ಮುಂದಿನ ಬಾಗಿಲು ತೆರೆದ.

"ಗಿರಾಕಿ ಅಲ್ಲ ಅಣ್ಣ," ಎಂದ ಎಲ್ಲರಿಗೂ ಕೇಳುವಂತೆ. ಆಮೇಲೆ ನನ್ನೊಬ್ಬಳಿಗೇ, ಮೆಲ್ಲಗೆ: "ಬಾ. ಬಿಸಿಲೇರುತ್ತೆ."