ಒತ್ತಿ ಬರೆಯುವ ಕೈ

ಹನ್ನೊಂದು ಪುಸ್ತಕ. ಹನ್ನೊಂದರ ಮುಖಪುಟದ ಮೇಲೂ ಸೋದರಮಾವನ ಹೆಸರು ದಪ್ಪಕ್ಷರದಲ್ಲಿ. ಅಳಿಯನದ್ದು ಒಳಗೆ, ಮುದ್ರಣಾಲಯದ ವಿಳಾಸದ ಕೆಳಗೆ, ಇರುವೆ ಸಾಲಿನಷ್ಟು ಸಣ್ಣಗೆ: ಬಣ್ಣ ತುಂಬಿದವರು. ಮಕ್ಕಳ ಪುಸ್ತಕ ಕೊಳ್ಳುವವರು ಯಾರೂ ಆ ಪುಟ ನೋಡುವುದಿಲ್ಲ, ಮಕ್ಕಳಂತೂ ಇಲ್ಲವೇ ಇಲ್ಲ. ಹದಿನಾಲ್ಕು ವರ್ಷ ಅವನು ಮಾವನ ಗೆರೆಗಳ ಒಳಗೆ ಬಣ್ಣ ಹಾಕಿದ್ದ. ಮಾವ ಮನೆಗೆ ಬಂದವರ ಮುಂದೆಲ್ಲ ಹೇಳುತ್ತಿದ್ದರು, "ನಮ್ಮ ಅಳಿಯ ಗೆರೆ ದಾಟೋನಲ್ಲ." ಬಂದವರು ನಗುತ್ತಿದ್ದರು, ಅವನೂ ನಗುತ್ತಿದ್ದ. ಆ ನಗು ಹೊಟ್ಟೆಗಿಳಿದು ಕೆಂಡವಾಗಿ ಕೂತದ್ದು ಯಾರಿಗೂ ಕಾಣಲಿಲ್ಲ.

ಮಾವನಿಗೆ ಎಪ್ಪತ್ತು ದಾಟಿತ್ತು. ಬಗ್ಗಿ ಬರೆದರೆ ಕುತ್ತಿಗೆ ಹಿಡಿಯುತ್ತಿತ್ತು, ಸಣ್ಣ ಗೆರೆ ಕಾಣುತ್ತಿರಲಿಲ್ಲ. ಒಂದು ಬೆಳಿಗ್ಗೆ ಅವರೇ ಅಂದರು, "ಈಗ ಗಾಜಿನ ಮೇಲೆ ಬರೀತಾರಂತಲ್ಲೋ. ಬೇಕಾದಷ್ಟು ದೊಡ್ಡದು ಮಾಡ್ಕೊಂಡು ನೋಡಬಹುದಂತೆ. ಅಂಥದೊಂದು ಆರಿಸಿಕೊಡು. ನನಗೇನು ಗೊತ್ತಾಗುತ್ತೆ, ನೀನು ಹೇಳಿದ್ದೇ ಸರಿ."

ನೀನು ಹೇಳಿದ್ದೇ ಸರಿ. ಹದಿನಾಲ್ಕು ವರ್ಷದಲ್ಲಿ ಆ ಮಾತು ಮಾವನ ಬಾಯಿಂದ ಬಂದದ್ದು ಅದೇ ಮೊದಲು. ಅವತ್ತೇ ಅವನ ಮನಸ್ಸಿನಲ್ಲಿ ಇಡೀ ಉಪಾಯ ಮೊಳೆಯಿತು.

ಒಂದು ವಾರ ಅವನು ಬೇರೆ ಕೆಲಸ ಮುಟ್ಟಲಿಲ್ಲ. ಬರೀ ಟ್ಯಾಬ್ಲೆಟ್ ಹಗುರ, ಸರಳ. ಅಷ್ಟು ಸರಳವಾದದ್ದನ್ನು ಮಾವ ತಿಂಗಳೊಪ್ಪತ್ತಿನಲ್ಲಿ ಕಲಿತುಬಿಡುತ್ತಾರೆ, ಅದು ಬೇಡ. ಕೀಬೋರ್ಡ್ ಕಳಚುವಂಥದ್ದೂ ಬೇಡ, ಕಳಚಿದ ಭಾಗ ಅವರ ಕೈಗೆ ಸಿಕ್ಕರೆ ಕುತೂಹಲ ಹುಟ್ಟುತ್ತದೆ. ಅವನಿಗೆ ಒಪ್ಪಿಗೆಯಾದದ್ದು ಮಡಚುವ ಲ್ಯಾಪ್‌ಟಾಪ್. ಪರದೆಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಿದರೆ ಕೀಬೋರ್ಡ್ ಬೆನ್ನಿಗೆ ಹೋಗಿ ಅಡಗುತ್ತದೆ. ಮಡಚಿದಾಗ ಅದು ಮಾವನ ಸ್ಲೇಟು. ಬಿಚ್ಚಿದರೆ ಅಳಿಯನ ಯಂತ್ರ.

ಅಂಗಡಿಗೆ ಮಾವನನ್ನೂ ಕರೆದೊಯ್ದ. ಆರಿಸಿದವರು ತಾವೇ ಎಂದು ಅವರಿಗೆ ಅನ್ನಿಸಬೇಕಲ್ಲ. ಮಾವ ಪೆನ್ನು ಹಿಡಿದು ಒಂದು ಗೆರೆ ಎಳೆದು ಮುಖ ಸಿಂಡರಿಸಿದರು.

"ಜಾರುತ್ತೆ ಕಣೋ. ಎಣ್ಣೆ ಸವರಿದ ತಟ್ಟೆ ಮೇಲೆ ಬರೆದ ಹಾಗಿದೆ."

"ಅದಕ್ಕೆ ಹಾಳೆ ಇದೆ ಅಜ್ಜ," ಎಂದಳು ಅಂಗಡಿಯ ಹುಡುಗಿ. "ಗಾಜಿನ ಮೇಲೆ ತೆಳ್ಳಗೆ ಅಂಟಿಸೋದು. ಕಾಗದದ ಹಾಗೇ ಕರಕರ ಅನ್ನುತ್ತೆ. ಆದರೆ ಮೆಲ್ಲಗೆ ಬರೀಬೇಕು. ಸವೆದರೆ ಇನ್ನೊಂದು ಜೊತೆಗೇ ಬರುತ್ತೆ."

"ಮೆಲ್ಲಗೆ ಬರೆಯೋಕೆ ನಾನೇನು ಪ್ರೇಮಪತ್ರ ಬರೀತೀನಾ?" ಎಂದರು ಮಾವ. ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದಳು.

ಮನೆಗೆ ಬಂದು ಅಳಿಯ ಹಾಳೆ ಅಂಟಿಸಿದ. ಒಂದು ಗುಳ್ಳೆಯೂ ಏಳದಂತೆ ಅಂಟಿಸಿದ್ದನ್ನು ಕಂಡು ಅತ್ತೆ, "ಕೈ ಅಂದರೆ ಇದು," ಎಂದರು.

ಅತ್ತೆ ಮಾವ ಇಬ್ಬರೂ ಮರದ ಅಚ್ಚಿನ ಕಾಲದವರು. ಮಾವ ಹಲಗೆಯಲ್ಲಿ ಚಿತ್ರ ಕೊರೆಯುತ್ತಿದ್ದರು. ಅತ್ತೆ ಹಲಗೆಗೆ ಕಪ್ಪು ಬಳಿದು, ಸೀಮೆಸುಣ್ಣದ ಪುಡಿ ತಿಕ್ಕಿ, ಗೆರೆ ಬೆಳ್ಳಗೆ ಎದ್ದು ನಿಂತಾಗ ಕೊರೆತ ಸರಿಯಿದೆಯೇ ನೋಡುತ್ತಿದ್ದರು. ಅಚ್ಚಿನ ಕಾಲ ಹೋಗಿ ಎಷ್ಟೋ ವರ್ಷವಾಗಿತ್ತು. ಪುಡಿಯ ಡಬ್ಬಿ ಮಾತ್ರ ಇನ್ನೂ ಕಿಟಕಿಯ ಕಟ್ಟೆಯ ಮೇಲಿತ್ತು, ಅತ್ತೆ ಈಗ ಅದರಲ್ಲಿ ಕನ್ನಡಿ ಒರೆಸುತ್ತಿದ್ದರು. ಆ ಕಾಲದ ಇನ್ನೊಂದು ಹಟವೂ ಮನೆಯಲ್ಲಿ ಉಳಿದಿತ್ತು. ಕೆಲಸ ಮುಗಿಯುವ ತನಕ ಮಾವ ಚಿತ್ರವನ್ನು ಹೆಂಡತಿಗೂ ತೋರಿಸುತ್ತಿರಲಿಲ್ಲ. ನೋಡಬಹುದಾದವನು ಬಣ್ಣ ತುಂಬುವವನೊಬ್ಬನೇ. ಉಪಾಯದ ಅರ್ಧ ಭಾಗವನ್ನು ಮಾವನೇ ಕಟ್ಟಿಕೊಟ್ಟಿದ್ದರು.

ಹನ್ನೆರಡನೆಯ ಪುಸ್ತಕಕ್ಕೆ ಮಾತಿರಲಿಲ್ಲ, ಬರೀ ಚಿತ್ರ. ಏಣಿ ಹೊತ್ತು ಊರೂರಿಗೆ ಹೋಗಿ ಆರಿದ ದೀಪ ಹಚ್ಚುವ ಒಬ್ಬ ಮುದುಕಿ, ಅವಳ ಹಿಂದೆ ಒಂದು ಬೆಕ್ಕು. ಮೊದಲ ಚಿತ್ರವನ್ನು ಅಳಿಯ ಹಿಗ್ಗಿಸಿ ಹಿಗ್ಗಿಸಿ ನೋಡಿದ. ಇಂಥ ಗೆರೆ ಮಾವ ಜೀವಮಾನದಲ್ಲಿ ಎಳೆದಿರಲಿಲ್ಲ. ಇದಕ್ಕೆ ಬಣ್ಣವೇ ಬೇಡ ಎಂದು ಅವನಿಗೆ ತಿಳಿಯಿತು. ಮಾವನಿಗೂ ತಿಳಿದಿತ್ತು. "ಇದಕ್ಕೆ ಬಣ್ಣ ಬೇಡ ಅನ್ನಿಸುತ್ತೆ, ನೀನು ಬೇಜಾರು ಮಾಡ್ಕೋಬೇಡ," ಎಂದರು. ಒಳಗೆ ಎಲ್ಲಾದರೂ ಅಳುಕು ಉಳಿದಿದ್ದರೆ ಅದೂ ಅಲ್ಲಿಗೆ ಮುಗಿಯಿತು.

ಮಾವ ಬೆಳಿಗ್ಗೆ ಬರೆಯುತ್ತಿದ್ದರು, ಊಟವಾದ ಮೇಲೆ ಮಲಗುತ್ತಿದ್ದರು. ಅಳಿಯ ಆ ಹೊತ್ತಿಗೆ ಬಂದು ಪರದೆ ಬಿಚ್ಚಿ, ಮುಗಿದ ಚಿತ್ರವನ್ನು ತನ್ನ ಮನೆಯ ಕಂಪ್ಯೂಟರಿಗೆ ಸಾಗಿಸುತ್ತಿದ್ದ. ಫೈಲಿನೊಳಗೆ ದಾಖಲಾಗಿದ್ದ ಚಿತ್ರ ಹುಟ್ಟಿದ ದಿನ, ಯಾವ ಗೆರೆ ಮೊದಲು ಯಾವುದು ಆಮೇಲೆ ಎಂಬುದು, ಎಲ್ಲವನ್ನೂ ತನ್ನದೆಂಬಂತೆ ತಿದ್ದುತ್ತಿದ್ದ. ಮನೆಯಲ್ಲಿ ಕೂತು ಅದೇ ಹೆಸರಿನ ಇನ್ನೊಂದು ಫೈಲು ಮಾಡುತ್ತಿದ್ದ. ಅದರ ತುಂಬ ನಡುಗುವ ಕೈ ಎಳೆದಂಥ ಸುತ್ತುಗೆರೆ, ಗೀಚು, ಮುಖವಿಲ್ಲದ ಗೋಜಲು. ಮಾವನ ಯಂತ್ರದ ಮೇಲೆ ತಾನು ಪೆನ್ನು ಊರಬಾರದು ಎಂಬುದು ಅವನ ನೇಮ. ಅಷ್ಟು ಎಚ್ಚರ.

ನಾಲ್ಕನೆಯ ಚಿತ್ರವನ್ನು ಮಾವನ ಯಂತ್ರದಿಂದ ಅಳಿಸಿ, ಆ ಜಾಗದಲ್ಲಿ ಗೀಚಿನ ಫೈಲು ಇಟ್ಟು ಒಮ್ಮೆ ಪರೀಕ್ಷೆ ಮಾಡಿ ನೋಡಿದ. ಮರುದಿನ ಮಾವ ಅದನ್ನು ತೆರೆದು, ದೊಡ್ಡದು ಮಾಡಿ ಮತ್ತೆ ನೋಡಿದರು.

"ಇದು ನಾನು ಬರೆದದ್ದಾ?"

"ನಿನ್ನೆ ನೀವೇ ತೋರಿಸಿದ್ರಲ್ಲ ಮಾವ. ಚೆನ್ನಾಗಿದೆ ಅಂದೆ ನಾನು, ನಿಮ್ಮ ಮನಸ್ಸು ನೋಯಿಸೋದು ಬೇಡ ಅಂತ."

ಮಾವ ತಮ್ಮ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. "ನಿಮ್ಮತ್ತೆಗೆ ಹೇಳಬೇಡ," ಎಂದರು. ಅವನು ಹೇಳಲಿಲ್ಲ. ತಾನಾಗಿ ಹೇಳುವುದಕ್ಕಿಂತ ಅತ್ತೆಯೇ ಕೇಳುವುದು ಮೇಲು. ತಿಂಗಳೊಳಗೆ ಅತ್ತೆಯೇ ಕಣ್ಣೀರು ಹಾಕುತ್ತ ಕೇಳಿದರು, "ನಲ್ಲಿ ಬಿಟ್ಟು ಮರೀತಾರೆ, ಮೊನ್ನೆ ನನ್ನನ್ನ ಅವರಕ್ಕನ ಹೆಸರಿಂದ ಕರೆದ್ರು. ನಿನಗೇನಾದರೂ ಗೊತ್ತಾಗಿದೆಯಾ?" ಅವನು ತಲೆ ತಗ್ಗಿಸಿದ.

ಒಂದು ವಿಷಯ ಮಾತ್ರ ಅವನಿಗೆ ಕಿರಿಕಿರಿ. ಮಾವ ಪೆನ್ನಿನಿಂದಲೂ ಹಲಗೆ ಕೊರೆದಂತೆಯೇ ಬರೆಯುತ್ತಿದ್ದರು. ಹದಿನೈದು ದಿನಕ್ಕೊಂದು ಮೊನೆ ಮೊಂಡಾಗುತ್ತಿತ್ತು. ಕೊನೆಗೆ ಸವೆಯದ ಗಟ್ಟಿ ಮೊನೆ ತರಿಸಿದ. ಹಾಳೆಯೂ ಮಬ್ಬಾಗಿದ್ದರಿಂದ ಕಿತ್ತೆಸೆದು ಎರಡನೆಯದನ್ನು ಅಂಟಿಸಿದ. ಅದೇ ವಾರ ಮಾವ ಮುಖಪುಟದ ಚಿತ್ರ ಬರೆದರು, ದಪ್ಪ ಗೆರೆಯಾದ್ದರಿಂದ ಹಿಗ್ಗಿಸಿಕೊಳ್ಳದೆ, ಪರದೆಯ ತುಂಬ. ಏಣಿಯ ತುದಿಯಲ್ಲಿ ಮುದುಕಿ, ಕೆಳಗಿನ ಮೆಟ್ಟಿಲಲ್ಲಿ ಹಿಂದಕ್ಕೆ ತಿರುಗಿ ನೋಡುವ ಬೆಕ್ಕು. ಅದೇ ಕೊನೆಯದು. ಅವತ್ತು ಮಧ್ಯಾಹ್ನವೇ ಅಳಿಯ ಉಳಿದ ಚಿತ್ರಗಳನ್ನೂ ಅಳಿಸಿ ಗೀಚಿನ ಫೈಲುಗಳನ್ನು ಇಟ್ಟುಬಿಟ್ಟ.

"ಎಲ್ಲಾ ಒಟ್ಟಿಗೆ ತೋರಿಸೋ, ನಿಮ್ಮತ್ತೆನೂ ನೋಡಲಿ," ಎಂದರು. ತೋರಿಸಿದ. ಮೂವತ್ತೆರಡು ಪುಟ ಗೀಚು. ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಮಾವ ಪೆನ್ನನ್ನು ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿದರು. ಆಮೇಲೆ ಅವರು ಅದನ್ನು ಮುಟ್ಟಲಿಲ್ಲ.

ಎರಡು ತಿಂಗಳ ನಂತರ ಅಳಿಯ ತನ್ನ ಹೆಸರಿನಲ್ಲಿ ಪುಸ್ತಕವನ್ನು ಪ್ರಕಾಶಕಿಗೆ ಕೊಟ್ಟ. ಆಕೆ ಬೆರಗಾದಳು, ಒಪ್ಪಿಕೊಂಡಳು. ಆದರೂ ಒಂದು ದಿನ ಫೋನು ಮಾಡಿದಳು. "ನಿಮ್ಮ ಮಾವನೂ ಹಿಂದೊಮ್ಮೆ ಏಣಿಯ ಮುದುಕಿ ಅಂತ ಏನೋ ಹೇಳಿದ ನೆನಪು." ಈ ಪ್ರಶ್ನೆಗಾಗಿ ಅವನು ಕಾದೇ ಇದ್ದ. ನಮ್ಮ ಮನೆಯಲ್ಲಿ ನನ್ನ ಚಿತ್ರ ನೋಡಿದ್ರು ಪಾಪ, ಈಗ ತಮ್ಮದೇ ಅಂದ್ಕೊಂಡಿದ್ದಾರೆ, ಬನ್ನಿ, ನೀವೇ ನೋಡಿ ಎಂದ. ಅನುಮಾನದ ಬೇರು ಉಳಿಯಬಾರದು.

ಪ್ರಕಾಶಕಿ ಬಂದಳು, ಮುಖಪುಟದ ಅಚ್ಚುಪ್ರತಿ ಚೀಲದಲ್ಲೇ ಇತ್ತು. ಮಾವ ಕಿಟಕಿಯ ಬಳಿ ಕುರ್ಚಿಯಲ್ಲಿ ಕೂತಿದ್ದರು. ಅಳಿಯ ಯಂತ್ರ ತೆರೆದು ಒಂದೊಂದಾಗಿ ಗೀಚುಗಳನ್ನು ತೋರಿಸಿದ. "ಎಲ್ಲಾ ಮಾವನ ಕೈಯದ್ದೇ. ದೇವರಾಣೆಗೂ ಇದರ ಮೇಲೆ ನಾನು ಒಂದು ಗೆರೆ ಎಳೆದೋನಲ್ಲ." ಆಣೆಯ ಮಾತು ನಿಜವೂ ಆಗಿತ್ತು. ನಿಜ ಹೇಳುವಾಗ ಎಷ್ಟು ಹಗುರವಾಗುತ್ತದೆ ಎಂದು ಅವನಿಗೇ ಆಶ್ಚರ್ಯ. ಪ್ರಕಾಶಕಿ ನಿಟ್ಟುಸಿರಿಟ್ಟು, ಚೀಲದಿಂದ ಅಚ್ಚುಪ್ರತಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡಳು. ಅವನು ಪರದೆ ಆರಿಸಿ, ಕೀಬೋರ್ಡ್ ಹಿಂದಕ್ಕೆ ಮಡಚಿ, ಮೇಜಿನ ಮೇಲಿಟ್ಟ. ಮುಗಿಯಿತು.

"ಬಂದವರ ಮುಂದೆ ಹೀಗೆ ಕೊಳಕಾಗಿ ಇಡ್ತಾರಾ, ಪೂರ್ತಿ ಬೆರಳಿನ ಜಿಡ್ಡು," ಎಂದು ಗೊಣಗುತ್ತ ಅತ್ತೆ ಅದನ್ನೆತ್ತಿಕೊಂಡರು. ಕಿಟಕಿಯ ಕಟ್ಟೆಯಿಂದ ಡಬ್ಬಿ ತೆಗೆದು, ಕಪ್ಪು ಪರದೆಯ ಮೇಲೆ ಚಿಟಿಕೆ ಸೀಮೆಸುಣ್ಣದ ಪುಡಿ ಉದುರಿಸಿ, ಅಂಗೈಯಿಂದ ಒಂದು ಸುತ್ತು ತಿಕ್ಕಿದರು. ಕೈ ಅಲ್ಲೇ ನಿಂತಿತು. ಕಪ್ಪಿನ ಮೇಲೆ ಬೆಳ್ಳಗೆ ಏಣಿಯ ಒಂದು ಮೆಟ್ಟಿಲು ಎದ್ದಿತು, ಆಮೇಲೆ ಇನ್ನೊಂದು, ಆಮೇಲೆ ಬೆಕ್ಕಿನ ಬಾಲ. ಅತ್ತೆ ಮತ್ತೆ ತಿಕ್ಕಿದರು, ಈ ಸಲ ಮೆಲ್ಲಗೆ, ಮೂಲೆಯಿಂದ ಮೂಲೆಗೆ. ಮುದುಕಿ ಪೂರ್ತಿ ಬಂದಳು, ಅಲ್ಲೆಲ್ಲೂ ಗೀಚಿನ ಒಂದು ಎಳೆಯೂ ಇರಲಿಲ್ಲ. "ರೀ," ಎಂದರು ಅತ್ತೆ, "ಇದು ನಿಮ್ಮ ಕೊರೆತ." ಮಾವ ಕುರ್ಚಿಯಿಂದ ಎದ್ದು ಬಂದು ಬೆರಳನ್ನು ಗೆರೆಯ ಮೇಲೆ ಓಡಿಸಿದರು. ಪ್ರಕಾಶಕಿ ತನ್ನ ಮೊಣಕಾಲ ಮೇಲಿನ ಅಚ್ಚುಪ್ರತಿಯನ್ನು ನೋಡಿದಳು, ಪರದೆಯನ್ನು ನೋಡಿದಳು, ಕೊನೆಗೆ ಅವನನ್ನು ನೋಡಿದಳು. ಯಂತ್ರದ ಒಳಗಿದ್ದದ್ದನ್ನೆಲ್ಲ ಅವನು ಅಳಿಸಿದ್ದ. ಮೇಲಿದ್ದ ಹಾಳೆಯೊಂದು ನೆನಪಾಗಲಿಲ್ಲ, ಗುಳ್ಳೆ ಏಳದಂತೆ ಅವನೇ ಅಂಟಿಸಿದ್ದ ಹಾಳೆ.